ನಿಜವಾದ ಆರಾಧನೆ ಹೇಗೆ ಮಾಡಬೇಕು? ಶನಿವಾರ ಸಂಜೆಯಿಂದ ಶುರು ಮಾಡಿ

"ನಮ್ಮ ಸಭೇಲಿ ಆರಾಧನೆ ತುಂಬಾ ಚೆನ್ನಾಗಿರುತ್ತೆ, ಒಂದು ಸಲ ಬನ್ನಿ ಬ್ರದರ್." ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಕ್ರೈಸ್ತರಿಗೆ ಈ ಮಾತು ಹೊಸದಲ್ಲ. ಏನು ಚೆನ್ನಾಗಿರುತ್ತದೆ ಅಂತ ವಾಪಸ್ ಕೇಳಿ ನೋಡಿ. ಕೀಬೋರ್ಡ್ ಹುಡುಗ ಸೂಪರಾಗಿ ನುಡಿಸುತ್ತಾನೆ, ಪಾಸ್ಟರ್ ಪ್ರಸಂಗ ಬೇಜಾರಾಗುವುದಿಲ್ಲ, ಹಾಡುವಾಗ ಕಣ್ಣಲ್ಲಿ ನೀರು ಬರುತ್ತದೆ, ಕೊನೆಗೆ ಬಿಸಿಬಿಸಿ ಊಟವೂ ಇರುತ್ತದೆ. ಎಲ್ಲ ಒಳ್ಳೆಯದೇ. ನಾನೂ ಆ ಊಟ ಬಿಡುವವನಲ್ಲ. ಆದರೆ ಈ ಪಟ್ಟಿಯಲ್ಲಿ ಇರುವುದೆಲ್ಲ ನಮಗೆ ಸಿಕ್ಕಿದ್ದು. ದೇವರಿಗೆ ಏನು ಸಿಕ್ಕಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಬೈಬಲಿನಲ್ಲಿ ಆಮೋಸನ ಪುಸ್ತಕದ 5ನೇ ಅಧ್ಯಾಯ ತೆಗೆಯಿರಿ. ನಿಮ್ಮ ಹಬ್ಬಗಳನ್ನು ಕಂಡರೆ ನನಗೆ ಆಗುವುದಿಲ್ಲ, ನಿಮ್ಮ ಹಾಡಿನ ಗದ್ದಲ ನನ್ನಿಂದ ದೂರ ಇಡಿ, ನ್ಯಾಯ ಹೊಳೆಯ ಹಾಗೆ ಹರಿಯಲಿ ಅಂತ ದೇವರು ಅಲ್ಲಿ ಖಡಕ್ಕಾಗಿ ಹೇಳುತ್ತಾರೆ. ಆ ಜನ ಹಾಡುವುದರಲ್ಲಾಗಲಿ ಬಲಿ ಕೊಡುವುದರಲ್ಲಾಗಲಿ ಏನೂ ಕಡಿಮೆ ಮಾಡಿರಲಿಲ್ಲ. ಬಡವನ ಧಾನ್ಯ ಕಿತ್ತುಕೊಂಡು, ನ್ಯಾಯ ಹೇಳುವ ಜಾಗದಲ್ಲಿ ಲಂಚ ತಗೊಂಡು, ಆಮೇಲೆ ಬಂದು ಜೋರಾಗಿ ಹಾಡುತ್ತಿದ್ದರು, ಅಷ್ಟೇ.

ನಾನು ಹೇಳಬೇಕು ಅಂದುಕೊಂಡಿರುವುದೂ ಇದೇ. ಮನುಷ್ಯರ ಜೊತೆಗಿನ ಲೆಕ್ಕ ಹಾಗೇ ಇಟ್ಟುಕೊಂಡು ದೇವರ ಮುಂದೆ ಹಾಡಿದರೆ ಅದು ಬರೀ ಹಾಡು. ಹಾಗಾದರೆ ವಾರದಲ್ಲಿ ಯಾವಾಗ ಏನು ಮಾಡಬೇಕು? ಒಂದೊಂದಾಗಿ ನೋಡೋಣ.

ಯಾವ ಚರ್ಚು ಅನ್ನೋ ಪ್ರಶ್ನೆ ಆಮೇಲೆ

ನಮ್ಮ ಕಡೆ ಸಭೆಗಳು ಒಂದೇ ಥರ ಇಲ್ಲ. ತುಮಕೂರಲ್ಲಿ ವೆಸ್ಲಿಯನ್ ಮಿಷನ್, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಕೆಲಸ ಮಾಡಿದವು. ಆ ಎರಡು ಕಡೆಯ ಸಭೆಗಳೂ 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಒಂದಾಗಿ ಹುಟ್ಟಿದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಒಳಗೆ ಸೇರಿಕೊಂಡವು. ಕೋಲಾರಕ್ಕೆ ಬಂದವರು ಅಮೆರಿಕದ ಮೆಥಡಿಸ್ಟರು. ಅವರು ಆ ಐಕ್ಯಕ್ಕೆ ಸೇರಲಿಲ್ಲ, ಇವತ್ತಿಗೂ ಮೆಥಡಿಸ್ಟ್ ಸಭೆಯಾಗಿಯೇ ಇದ್ದಾರೆ. ಕೆಜಿಎಫ್‌ಗೆ ಗಣಿ ಕೆಲಸಕ್ಕೆ ಬಂದ ತಮಿಳು ಕುಟುಂಬಗಳ ಜೊತೆ ಕ್ಯಾಥೊಲಿಕ್ ಚರ್ಚುಗಳೂ ಬೇರೆ ಬೇರೆ ಸಭೆಗಳೂ ಬೆಳೆದವು. ಈಗಂತೂ ಶೀಟ್ ಹಾಕಿದ ಹಾಲ್‌ಗಳಲ್ಲಿ, ಬಾಡಿಗೆ ಮನೆಯ ಮಹಡಿ ಮೇಲೆ ಪೆಂತೆಕೋಸ್ತ್ ಕೂಟಗಳು ನಡೆಯುತ್ತವೆ. ಒಂದು ಕಡೆ ಆರಾಧನೆ ಪುಸ್ತಕ ಹಿಡಿದು ಹೇಳಿದಾಗ ನಿಂತು ಹೇಳಿದಾಗ ಕೂರುತ್ತಾರೆ, ಇನ್ನೊಂದು ಕಡೆ ಚಪ್ಪಾಳೆ, ಡೋಲಕ್, ಎತ್ತಿದ ಕೈ. ಯಾವುದು ಸರಿ ಅಂತ ಜನ ಟೀ ಅಂಗಡಿಯಲ್ಲೂ ವಾದ ಮಾಡುತ್ತಾರೆ.

ಈ ವಾದ ಬಹಳ ಹಳೆಯದು. ಯೋಹಾನನ ಸುವಾರ್ತೆ 4ನೇ ಅಧ್ಯಾಯದಲ್ಲಿ ಸಮಾರ್ಯದ ಹೆಂಗಸು ಯೇಸುಸ್ವಾಮಿಯನ್ನು ಕೇಳಿದ್ದೂ ಇದನ್ನೇ. ನಮ್ಮ ಹಿರಿಯರು ಈ ಬೆಟ್ಟದ ಮೇಲೆ ಆರಾಧಿಸಿದರು, ನೀವು ಯೆಹೂದ್ಯರು ಯೆರೂಸಲೇಮೇ ಸರಿ ಅನ್ನುತ್ತೀರಿ, ಏನು ಕಥೆ? ಆಕೆ ಹೇಳಿದ್ದು ಗೆರಿಜ್ಜೀಮ್ ಬೆಟ್ಟ. ಅಲ್ಲಿದ್ದ ಸಮಾರ್ಯದವರ ಗುಡಿಯನ್ನು ಯೇಸುಸ್ವಾಮಿಗಿಂತ 100 ವರ್ಷಕ್ಕೂ ಹಿಂದೆಯೇ ಯೆಹೂದ್ಯರ ದೊರೆಯೊಬ್ಬ ಕೆಡವಿಸಿದ್ದ. ಹಾಗಾಗಿ ಇದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ, ಗಾಯ ಇತ್ತು. ಆ ಬೆಟ್ಟದ ಮೇಲೆ ಸಮಾರ್ಯದವರು ಇವತ್ತಿಗೂ ಪಸ್ಕ ಹಬ್ಬ ಮಾಡುತ್ತಾರೆ.

ಯೇಸುಸ್ವಾಮಿ ಕೊಟ್ಟ ಉತ್ತರ ನಮಗೆಲ್ಲ ಗೊತ್ತು. ಈ ಬೆಟ್ಟವೂ ಅಲ್ಲ, ಯೆರೂಸಲೇಮೂ ಅಲ್ಲ, ತಂದೆಯನ್ನು ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸುವ ಕಾಲ ಬರುತ್ತದೆ, ಈಗಲೇ ಬಂದಿದೆ. ಆದರೆ ಅದಕ್ಕೆ ಮುಂಚಿನ ಮಾತು ಓದಿ. ಹೋಗಿ ನಿನ್ನ ಗಂಡನನ್ನು ಕರೆದುಕೊಂಡು ಬಾ ಅಂದರು. ನನಗೆ ಗಂಡ ಇಲ್ಲ ಅಂದಳು. ಆಕೆಯ ಬದುಕಿನ ಕಥೆಯನ್ನೆಲ್ಲ ಅವರು ಬಿಚ್ಚಿಟ್ಟು, ನೀನು ಹೇಳಿದ್ದು ನಿಜ ಅಂದರು. ಆ ಕ್ಷಣಕ್ಕೆ ಸರಿಯಾಗಿ ಆಕೆ ಮಾತನ್ನು ಬೆಟ್ಟದ ಕಡೆ ತಿರುಗಿಸಿದಳು. ನಾವೂ ಹಾಗೇ ಮಾಡುತ್ತೇವೆ ಅಂತ ನನಗನ್ನಿಸುತ್ತದೆ. ಮನೆಯ ವಿಷಯ, ದುಡ್ಡಿನ ವಿಷಯ ಹತ್ತಿರ ಬರುತ್ತಿದ್ದ ಹಾಗೆ "ಅಂದ ಹಾಗೆ ಮುಳುಗಿಸಿ ದೀಕ್ಷಾಸ್ನಾನ ಕೊಡಬೇಕೋ, ನೀರು ಚಿಮುಕಿಸಿದರೆ ಸಾಕೋ?" ಅಂತ ಶುರು ಮಾಡಿಬಿಡುತ್ತೇವೆ. ಆ ಚರ್ಚೆ ಬೇಡ ಅಂತಲ್ಲ. ಮೊದಲು ಮುಚ್ಚಿಟ್ಟಿದ್ದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿ. ಆಮೇಲೆ ಬೆಟ್ಟದ ವಿಷಯ ಮಾತಾಡೋಣ.

ಶನಿವಾರ ಸಂಜೆ: ಜಗಳ ಇದ್ದರೆ ಅದನ್ನು ನೋಡಿ

ಇಡೀ ಬರಹದಲ್ಲಿ ಕಷ್ಟದ ಭಾಗ ಇದೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮತ್ತಾಯ 5:23-24. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಿದ್ದೀರಿ, ಅಲ್ಲಿ ನಿಂತಾಗ ಸಹೋದರನ ಮನಸ್ಸಲ್ಲಿ ನಿಮ್ಮ ಮೇಲೆ ಏನೋ ಇದೆ ಅಂತ ನೆನಪಾಯಿತು. ಕಾಣಿಕೆ ಅಲ್ಲೇ ಬಿಡಿ, ಹೋಗಿ ರಾಜಿ ಮಾಡಿಕೊಳ್ಳಿ, ಆಮೇಲೆ ಬಂದು ಕೊಡಿ. ಯೇಸುಸ್ವಾಮಿ ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಲ್ಲಿ, 100 ಕಿಲೋಮೀಟರಿಗಿಂತ ಜಾಸ್ತಿ ದೂರ, ಅದೂ ನಡೆದುಕೊಂಡು. ಕಾಣಿಕೆ ಬಿಟ್ಟು ಊರಿಗೆ ವಾಪಸ್ ಹೋಗಿ, ಅಣ್ಣನ ಮನೆ ಬಾಗಿಲು ತಟ್ಟಿ, ಮಾತಾಡಿ, ಮತ್ತೆ ನಡೆದು ಬರಬೇಕು ಅಂದರೆ ಕಡಿಮೆ ಅಂದರೂ ಒಂದು ವಾರದ ಕೆಲಸ. ಕೋಲಾರದಿಂದ ಬೆಂಗಳೂರಿಗೆ 70 ಕಿಲೋಮೀಟರ್ ಬಸ್ಸಲ್ಲಿ ಹೋಗಿ ಬರುವುದಕ್ಕೇ ನಾವು ಗೊಣಗುತ್ತೇವೆ. ನಮ್ಮ ಜಗಳಗಳಂತೂ ಅಷ್ಟು ದೂರವೂ ಇರುವುದಿಲ್ಲ. ಪಕ್ಕದ ಬೀದಿಯಲ್ಲಿ, ಇಲ್ಲದಿದ್ದರೆ ಅದೇ ಕಾಂಪೌಂಡಲ್ಲಿ ಇರುತ್ತವೆ.

ಇನ್ನೊಂದು ವಿಷಯ ಗಮನಿಸಿ. ನಿಮಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲಿ ಬರೆದಿಲ್ಲ. ಅವನಿಗೆ ನಿಮ್ಮ ಮೇಲೆ ಇದ್ದರೆ ಅಂತ ಬರೆದಿದೆ. ಅಂದರೆ ನೀವು ಏನೋ ಮಾಡಿದ್ದೀರಿ.

ಏನು ಮಾಡಬೇಕು ಅಂದರೆ, ಶನಿವಾರ ಸಂಜೆ ಟೀವಿ ಆಫ್ ಮಾಡಿ ಸ್ವಲ್ಪ ಹೊತ್ತು ಒಬ್ಬರೇ ಕೂರಿ. ಈ ವಾರ ಯಾರು ನನ್ನನ್ನು ಕಂಡು ದಾರಿ ಬದಲಾಯಿಸಿದರು, ಯಾರ ಫೋನ್ ಬಂದಾಗ ನಾನು ಎತ್ತಲಿಲ್ಲ, ಮನೆಯಲ್ಲಿ ಯಾರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ ಅಂತ ಯೋಚಿಸಿ. ಹೆಸರು ತಾನಾಗಿ ಬರುತ್ತದೆ. ನಮ್ಮ ಕಡೆ ಕಾರಣಗಳು ಹೆಚ್ಚು ಕಡಿಮೆ ಗೊತ್ತಿರುವವೇ: ಬೋರ್‌ವೆಲ್ ನೀರಿನ ಪಾಳಿ, ಜಮೀನಿನ ಬದು, ಅಣ್ಣತಮ್ಮಂದಿರ ಪಾಲು, ಸೊಸೆಗೆ ಆಡಿದ ಮಾತು, ಚೀಟಿ ದುಡ್ಡು.

ಆಮೇಲೆ ಹೋಗಿ. ವಾಟ್ಸಾಪಲ್ಲಿ ಕೈ ಮುಗಿಯುವ ಚಿತ್ರ ಕಳಿಸಿ ಮುಗಿಸಬೇಡಿ. ದೂರ ಇದ್ದರೆ ಫೋನ್ ಮಾಡಿ, ಹತ್ತಿರ ಇದ್ದರೆ ಮನೆಗೇ ಹೋಗಿ. ಮಾತು ಚಿಕ್ಕದಾಗಿರಲಿ. "ಅಣ್ಣಾ, ಅವತ್ತು ಪೈಪ್‌ಲೈನ್ ವಿಷಯಕ್ಕೆ ಜನರ ಮುಂದೆ ನಿಮ್ಮನ್ನ ಅಂದಿದ್ದು ತಪ್ಪಾಯ್ತು." ಇಷ್ಟೇ. ಇದರ ಹಿಂದೆ "ನೀವೂ ಏನ್ ಕಮ್ಮಿ ಅಂದ್ರಾ" ಅಂತ ಸೇರಿಸಿದರೆ ಹೋದ ಕೆಲಸ ಕೆಟ್ಟಿತು. ವಾಕ್ಯ ಹೇಳಬೇಡಿ, ಪ್ರಾರ್ಥನೆ ಮಾಡೋಣ ಅಂತ ಅಲ್ಲೇ ಶುರು ಮಾಡಬೇಡಿ. ಕಾಫಿ ಕೊಟ್ಟರೆ ಕುಡಿಯಿರಿ. ಕೊಡದಿದ್ದರೂ ನಮಸ್ಕಾರ ಹೇಳಿ ಬನ್ನಿ.

ದುಡ್ಡಿನ ವಿಷಯವಾದರೆ ಬಾಯಿಮಾತು ಸಾಲದು. ಸುಮಾರು ಕ್ರಿ.ಶ. 112ರಲ್ಲಿ, ಈಗಿನ ಟರ್ಕಿ ದೇಶದ ಉತ್ತರ ಭಾಗದಲ್ಲಿ, ಪ್ಲಿನಿ ಅನ್ನುವ ರೋಮನ್ ಅಧಿಕಾರಿ ಇದ್ದ. ಕ್ರೈಸ್ತರನ್ನು ಹಿಡಿದು ವಿಚಾರಣೆ ಮಾಡಿ, ಇವರು ಕೂಟದಲ್ಲಿ ಏನು ಮಾಡುತ್ತಾರೆ ಅಂತ ಚಕ್ರವರ್ತಿ ಟ್ರಾಜನನಿಗೆ ಕಾಗದ ಬರೆದ. ಗೊತ್ತು ಮಾಡಿದ ಒಂದು ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಆಮೇಲೆ ಆಣೆ ಮಾಡುತ್ತಾರೆ ಅಂತ ಬರೆದಿದ್ದಾನೆ. ಏನಂತ ಆಣೆ? ಕಳ್ಳತನ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ಮುರಿಯುವುದಿಲ್ಲ, ನಂಬಿ ಇಟ್ಟ ದುಡ್ಡನ್ನು ವಾಪಸ್ ಕೇಳಿದಾಗ ಇಲ್ಲ ಅನ್ನುವುದಿಲ್ಲ. ಕೊನೆಯದನ್ನು ಇನ್ನೊಂದು ಸಲ ಓದಿ. ಚೀಟಿ ಎತ್ತಿಕೊಂಡು ಕಂತು ಕಟ್ಟದೆ ತಪ್ಪಿಸಿಕೊಂಡು ಓಡಾಡುವವರು, ಅದೇ ಸಭೆಯ ಅಕ್ಕನ ಹತ್ತಿರ ಒಡವೆ ಇಸಕೊಂಡು ಅಡ ಇಟ್ಟವರು, ಮುಂದಿನ ಸಾಲಲ್ಲಿ ಕೈ ಎತ್ತಿ ಹಾಡುವುದನ್ನು ನೀವೂ ನೋಡಿರುತ್ತೀರಿ. ಕೈಯಲ್ಲಿ ದುಡ್ಡಿಲ್ಲ ಅಂದರೆ ಹೋಗಿ ತಾರೀಕು ಹೇಳಿ, ಆ ತಾರೀಕಿಗೆ ಸ್ವಲ್ಪವಾದರೂ ಕೊಡಿ. ಅವರ ಮುಂದೆ ಕೂತು ಮಾತಾಡುವುದೂ ಅವತ್ತಿನ ಆರಾಧನೆಯ ಭಾಗವೇ.

ಎದುರಿನವರು ಒಪ್ಪದಿದ್ದರೆ? ರೋಮಾಪುರದವರಿಗೆ ಬರೆದ ಪತ್ರ 12:18 ಇದೆಯಲ್ಲ, ನಿಮ್ಮಿಂದ ಆಗುವಷ್ಟು ಮಟ್ಟಿಗೆ ಎಲ್ಲರ ಜೊತೆ ಸಮಾಧಾನದಿಂದ ಇರಿ ಅಂತ. ನಿಮ್ಮ ಪಾಲಿನದು ಮಾಡಿದ ಮೇಲೆ ಧಾರಾಳವಾಗಿ ಆರಾಧನೆಗೆ ಹೋಗಿ. ಇನ್ನೂ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಈ ವಾಕ್ಯವನ್ನು ತಪ್ಪಾಗಿ ಬಳಸುವವರು ಜಾಸ್ತಿ. ಕುಡಿದು ಬಂದು ಹೊಡೆಯುವ ಗಂಡನ ಹೆಂಡತಿಗೆ "ರಾಜಿ ಮಾಡಿಕೊಳ್ಳಮ್ಮ, ವಾಕ್ಯದಲ್ಲೇ ಇದೆ" ಅಂತ ಹಿರಿಯರು ಹೇಳುತ್ತಾರೆ. ವಾಕ್ಯದಲ್ಲಿ ಹಾಗಿಲ್ಲ. ಎದ್ದು ಹೋಗಬೇಕಾದವನು ತಪ್ಪು ಮಾಡಿದವನು. ಏಟು ತಿಂದವಳು ಸುರಕ್ಷಿತವಾದ ಜಾಗದಲ್ಲಿ ಇರಲಿ, ಸಭೆ ಅವಳ ಜೊತೆ ನಿಲ್ಲಲಿ.

ರಾತ್ರಿಯ ಸಣ್ಣ ಕೆಲಸಗಳು

ಭಾನುವಾರದ ವಾಕ್ಯಭಾಗ ಯಾವುದು ಅಂತ ಗೊತ್ತಿದ್ದರೆ ಒಂದು ಸಲ ಜೋರಾಗಿ ಓದಿ, ಮಕ್ಕಳೂ ಕೇಳಿಸಿಕೊಳ್ಳಲಿ. ಕಾಣಿಕೆ ಈಗಲೇ ಎತ್ತಿಡಿ. ಚೀಲ ಹತ್ತಿರ ಬಂದಾಗ ಪರ್ಸಲ್ಲಿ ಹತ್ತರ ನೋಟು ಹುಡುಕುವುದು ಚೆನ್ನಾಗಿರುವುದಿಲ್ಲ. ಬೇಗ ಮಲಗಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮಾಡುವವರು ಇಲ್ಲಿ ನಗುತ್ತಿರಬಹುದು. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳಕ್ಕೆ ಭಾನುವಾರ ಗೊತ್ತಾಗುವುದಿಲ್ಲ. ಹುಳು ತನ್ನ ಆಯಸ್ಸಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಬೆಳಗ್ಗೆ ಸೊಪ್ಪು ಕೊಯ್ದು ತಂದು ಹಾಕುವಷ್ಟರಲ್ಲಿ ಹಾಸು ಬರೀ ಕಡ್ಡಿ ಆಗಿರುತ್ತದೆ, ಮತ್ತೆ ಸೊಪ್ಪಿಗೆ ಓಡಬೇಕು. ಅಂಥ ಭಾನುವಾರ ಸಭೆಗೆ ತಡವಾಗಿ ಬಂದರೆ, ಇಲ್ಲ ಬರಲಿಕ್ಕೇ ಆಗದಿದ್ದರೆ, ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ. ಕೆಲಸ ಮಾಡಬಾರದ ಸಬ್ಬತ್ ದಿನ ಎತ್ತು ಬಾವಿಗೆ ಬಿದ್ದರೆ ಎತ್ತುವುದಿಲ್ಲವಾ ಅಂತ ಲೂಕ 14ರಲ್ಲಿ ಯೇಸುಸ್ವಾಮಿಯೇ ಕೇಳಿದ್ದಾರೆ. ಹುಳು ಮನೆಯಲ್ಲೇ ಒಂದು ಕೀರ್ತನೆ ಹೇಳಿಕೊಂಡು ಸೊಪ್ಪು ಹಾಕಿ. ಹುಳು ಗೂಡು ಕಟ್ಟಲು ಚಂದ್ರಿಕೆಗೆ ಹತ್ತಿದ ಮೇಲೆ ಬನ್ನಿ. ಸಭೆಯವರು "ಏನ್ ಬ್ರದರ್, ಲೋಕದ ಕೆಲಸ ಜಾಸ್ತಿ ಆಯ್ತಾ?" ಅಂತ ಚುಚ್ಚುವ ಬದಲು ಇಬ್ಬರು ಯೌವನಸ್ಥರನ್ನು ಸೊಪ್ಪು ಕೊಯ್ಯಲು ಕಳಿಸಲಿ.

ಭಾನುವಾರ, ಒಳಗೆ ಹೋದ ಮೇಲೆ

ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ಹಾಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಯಾರು ಎಲ್ಲಿ ಕೂತಿದ್ದಾರೆ. ಮುಂದೆ ಎರಡು ಮೆತ್ತನೆಯ ಸೋಫಾ, ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಚಾಪೆ. ಕಾರಲ್ಲಿ ಬಂದವರನ್ನು ಬಾಗಿಲಿಂದಲೇ ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಕೂಲಿಗೆ ಹೋಗುವ ಅಜ್ಜಿ ತಾನಾಗಿ ಚಾಪೆ ಕಡೆ ಹೋಗುತ್ತಾಳೆ, ಯಾರೂ ಹೇಳಬೇಕಾಗಿಲ್ಲ. ಯಾಕೋಬನ ಪತ್ರ 2ನೇ ಅಧ್ಯಾಯದಲ್ಲಿ ಇದೇ ಚಿತ್ರ ಇದೆ. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯ ಬಡವನಿಗೆ "ಅಲ್ಲಿ ನಿಂತ್ಕೋ, ಇಲ್ಲ ನನ್ನ ಕಾಲ ಹತ್ರ ಕೂತ್ಕೋ." ಹೀಗೆ ಭೇದ ಮಾಡುವವರನ್ನು ಯಾಕೋಬ ಕೆಟ್ಟ ಯೋಚನೆಯ ನ್ಯಾಯಾಧೀಶರು ಅನ್ನುತ್ತಾನೆ. ನಿಮ್ಮ ಕೈಲಾಗುವುದು ಇಷ್ಟು: ಮುಂದಿನ ಭಾನುವಾರ ಅಜ್ಜಿಯನ್ನು "ಬನ್ನಿ ಅಜ್ಜಿ, ಇಲ್ಲಿ ಕೂರಿ" ಅಂತ ಕುರ್ಚಿಗೆ ಕರೆದು ನೀವು ಚಾಪೆಗೆ ಹೋಗಿ. ನಿಮಗೇ ಮಂಡಿ ನೋವಿದ್ದರೆ ಪಕ್ಕದ ಕುರ್ಚಿಗೆ ಕರೆಯಿರಿ. ಸಭೆಯ ಕಮಿಟಿಯಲ್ಲಿದ್ದರೆ ಸೋಫಾ ತೆಗೆಸಿ. ಆರಾಧನೆಯ ನಡುವೆ ಶಾಲು, ಹಾರ, ಸನ್ಮಾನ ಇಟ್ಟುಕೊಳ್ಳಬೇಡಿ. ಕ್ರಿಸ್ಮಸ್‌ಗೆ ಶುಭಾಶಯ ಹೇಳಲು ರಾಜಕಾರಣಿ ಬಂದರೆ ಆರಾಧನೆ ಮುಗಿಯುವವರೆಗೆ ಅವರೂ ಎಲ್ಲರ ಜೊತೆ ಕೂತಿರಲಿ, ಕೇಕ್ ಕತ್ತರಿಸುವುದು ಆಮೇಲೆ.

ಹಾಡಿನ ಬಗ್ಗೆ. ಸ್ವರ ಬರದಿದ್ದರೂ ಬಾಯಿ ಬಿಟ್ಟು ಹಾಡಿ. ಮುಂದೆ ಮೈಕ್ ಹಿಡಿದವರು ಹಾಡುತ್ತಾರೆ, ನಾವು ಕೇಳುತ್ತೇವೆ ಅನ್ನುವುದು ಆರ್ಕೆಸ್ಟ್ರಾಗೆ ಸರಿ. ಹಾಡು ನಡೆಸುವವರು ನೀವಾದರೆ ನಿಮ್ಮ ಕಂಠಕ್ಕೆ ಸರಿಹೋಗುವ ಶ್ರುತಿ ಹಿಡಿಯಬೇಡಿ, ಜನಕ್ಕೆ ಎಟಕುವ ಶ್ರುತಿ ಹಿಡಿಯಿರಿ. ಎಲ್ಲ ಹಾಡೂ ಸಂತೋಷದ್ದೇ ಆಗಬೇಕಾಗಿಲ್ಲ. ಕೀರ್ತನೆಗಳ ಪುಸ್ತಕದ 150ರಲ್ಲಿ ದೊಡ್ಡ ಪಾಲು ಅಳುವ ಕೀರ್ತನೆಗಳೇ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಸಮಾಧಾನದ ಮಾತಿಲ್ಲ. ಅದನ್ನೂ ದೇವಾಲಯದಲ್ಲಿ ಹಾಡುತ್ತಿದ್ದರು! ಕೋಲಾರದ ಮಾರ್ಕೆಟ್‌ನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್‌ಗೆ ಬಿಡಿಸಿದ ಕೂಲಿಯೂ ಹುಟ್ಟದೆ ರೈತ ರಸ್ತೆ ಬದಿಗೆ ಸುರಿದು ಬಂದ ವಾರ, ಅವನ ಕೈಯಲ್ಲಿ ಬಲವಂತವಾಗಿ ಚಪ್ಪಾಳೆ ತಟ್ಟಿಸಬೇಡಿ. ಆ ವಾರ ಒಂದು ಅಳುವ ಕೀರ್ತನೆ ಓದಿ, ಎರಡು ನಿಮಿಷ ಎಲ್ಲರೂ ಸುಮ್ಮನಿರಿ.

ಭಾಷೆಯ ಕಡೆಗೂ ಗಮನ ಇರಲಿ. ಬಾಗೇಪಲ್ಲಿ, ಮುಳಬಾಗಿಲು ಕಡೆ ಅರ್ಧ ಸಭೆ ಮನೆಯಲ್ಲಿ ತೆಲುಗು ಮಾತಾಡುತ್ತದೆ, ಕೆಜಿಎಫ್‌ನಲ್ಲಿ ತಮಿಳು. ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಬೇರೆಯವರಿಗೆ ತಿಳಿಯುವ ಐದು ಮಾತು ಮೇಲು ಅಂತ ಪೌಲ 1 ಕೊರಿಂಥ 14ರಲ್ಲಿ ಹೇಳುತ್ತಾನೆ. ಅವನು ಹೇಳಿದ್ದು ಅನ್ಯಭಾಷೆಯ ವರದ (ಪ್ರಾರ್ಥನೆಯಲ್ಲಿ ತಾನಾಗಿ ಬರುವ, ಬೇರೆಯವರಿಗೆ ತಿಳಿಯದ ಮಾತಿನ) ಬಗ್ಗೆ, ಆದರೆ ಇಲ್ಲಿಗೂ ಹೊಂದುತ್ತದೆ. ಬೆಂಗಳೂರಿಂದ ಬಂದ ಅತಿಥಿ ಬೋಧಕರು ಅರ್ಧಗಂಟೆ ಇಂಗ್ಲಿಷಲ್ಲಿ ಹರಿಸಿದರೆ ಹಿಂದೆ ಕೂತ ಅವ್ವನಿಗೆ ಏನು ಸಿಕ್ಕಿತು? ಒಂದು ಓದು ತೆಲುಗಲ್ಲಿ, ಒಂದು ಹಾಡು ತಮಿಳಲ್ಲಿ ಇಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಫೋನ್ ಆಫ್ ಮಾಡಿ. ಬೈಬಲ್ ಫೋನಲ್ಲೇ ಇದೆ ಅಂತೀರಾ? ಹಾಗಾದರೆ ನೆಟ್ ಆಫ್ ಮಾಡಿ. ಲೈವ್ ಮಾಡುವವರು ಒಬ್ಬರು ಸಾಕು.

ಕಾಣಿಕೆ

ವಿಧವೆಯ ಎರಡು ಕಾಸಿನ ಕಥೆಯ ಮೇಲೆ ಪ್ರಸಂಗ ಕೇಳದವರು ಯಾರೂ ಇಲ್ಲ. ಆದರೆ ಮಾರ್ಕ 12ರಲ್ಲಿ ಅದರ ಹಿಂದಿನ ವಾಕ್ಯ ಓದಿದ್ದೀರಾ? ವಿಧವೆಯರ ಮನೆಗಳನ್ನು ನುಂಗಿ, ಜನ ನೋಡಲಿ ಅಂತ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಕೆ. ಅದಾದ ಕೂಡಲೇ ಆ ಬಡ ಹೆಂಗಸು ಬಂದು ತನ್ನ ಹತ್ತಿರ ಇದ್ದದ್ದನ್ನೆಲ್ಲ ಹಾಕಿದಳು. ಎರಡನ್ನೂ ಜೊತೆಗಿಟ್ಟು ಓದಬೇಕು. ಬಡವರ ಹತ್ತಿರ ಕೊನೆಯ ಕಾಸನ್ನೂ ಕೇಳುವುದಕ್ಕೆ ಆ ಕಥೆಯನ್ನು ಬಳಸುವ ಸಭೆ, ಕಥೆಯ ಮೊದಲನೇ ಅರ್ಧದಲ್ಲಿ ತಾನೇ ನಿಂತಿರುತ್ತದೆ.

ಸುಗ್ಗಿ ಹಬ್ಬಕ್ಕೆ ಬನ್ನಿ. ನನಗೆ ವರ್ಷದಲ್ಲಿ ತುಂಬಾ ಇಷ್ಟದ ಆರಾಧನೆ ಇದು. ರಾಗಿ ಮೂಟೆ, ಅವರೆಕಾಯಿ, ತೆಂಗಿನಕಾಯಿ, ಟೊಮೆಟೊ ಬಾಕ್ಸ್, ಸೀಬೆ, ಕಾಲು ಕಟ್ಟಿದ ನಾಟಿಕೋಳಿ, ಎಲ್ಲ ವೇದಿಕೆಯ ಮುಂದೆ. ಪ್ರಾರ್ಥನೆಯ ನಡುವೆ ಕೋಳಿ ಕೂಗುತ್ತದೆ, ಮಕ್ಕಳು ಕಿಸಕ್ಕನೆ ನಗುತ್ತಾರೆ. ಆಮೇಲೆ ಹರಾಜು. ಯಾರೋ ಒಂದು ಮೊಟ್ಟೆಯನ್ನು ಐನೂರಕ್ಕೆ ಕೂಗುತ್ತಾರೆ, ಇನ್ನೊಬ್ಬರು ಆರುನೂರು, ಎಲ್ಲರೂ ಓ ಅಂತಾರೆ. ಮಜಾ ಇರುತ್ತದೆ, ಇರಲಿ. ಆದರೆ ಹರಾಜು ಕೂಗುವವರು ಒಂದು ಕೆಲಸ ಮಾಡಬಾರದು: ಕೊಟ್ಟವರ ಹೆಸರು, ಮೊತ್ತ ಮೈಕಲ್ಲಿ ಮತ್ತೆ ಮತ್ತೆ ಹೇಳಬಾರದು. ಹಿತ್ತಲ ಬಳ್ಳಿಯಲ್ಲಿ ಬಿಟ್ಟ ಒಂದೇ ಒಂದು ಸೋರೆಕಾಯಿ ಸೆರಗಲ್ಲಿ ಮುಚ್ಚಿಕೊಂಡು ತಂದು, ಯಾರಿಗೂ ಕಾಣದ ಹಾಗೆ ಮೂಲೆಯಲ್ಲಿ ಇಟ್ಟು ಹೋಗುವ ಹೆಂಗಸರು ಎಲ್ಲ ಸಭೆಯಲ್ಲೂ ಇರುತ್ತಾರೆ. ಆ ಸೋರೆಕಾಯಿಯನ್ನು ಮೊದಲು ಹರಾಜಿಗೆ ಎತ್ತಿ, ಒಳ್ಳೆ ಬೆಲೆಗೆ ಕೂಗಿ.

ಕರ್ತನ ಭೋಜನ, ಆಮೇಲಿನ ಊಟ

ಕೊರಿಂಥದ ಸಭೆಯಲ್ಲಿ ಕರ್ತನ ಭೋಜನಕ್ಕೆ, ಅಂದರೆ ಯೇಸುಸ್ವಾಮಿಯ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳಲು ಸೇರಿದಾಗ ಇದ್ದವರು ತಂದ ಊಟ ತಾವೇ ಮೊದಲು ತಿಂದು ಮುಗಿಸುತ್ತಿದ್ದರು. ಇಲ್ಲದವರು ಹಸಿದುಕೊಂಡು ಕೂರುತ್ತಿದ್ದರು. ಒಬ್ಬ ಹಸಿದಿದ್ದರೆ ಇನ್ನೊಬ್ಬನಿಗೆ ಕುಡಿದು ಅಮಲು. ನೀವು ತಿನ್ನುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂತ ಪೌಲ ನೇರವಾಗಿ ಬೈದ. ಅವನು ಕೊಟ್ಟ ಪರಿಹಾರ ಬಹಳ ಸುಲಭ: ಒಬ್ಬರಿಗೊಬ್ಬರು ಕಾದುಕೊಳ್ಳಿ.

ನಮ್ಮ ಪ್ರೀತಿ ಭೋಜನದಲ್ಲಿ ಇದನ್ನು ಮಾಡಿ ನೋಡಿ. ಅತಿಥಿಗಳಿಗೆ ಒಳಗಿನ ರೂಮಲ್ಲಿ ಟೇಬಲ್ ಹಾಕಿ ಮಟನ್ ಪೀಸು, ಹೊರಗೆ ಸಾಲಲ್ಲಿ ನಿಂತವರಿಗೆ ಬರೀ ಸಾರು ಅನ್ನುವ ಪದ್ಧತಿ ಇದ್ದರೆ ಅದನ್ನು ನಿಲ್ಲಿಸಿ. ಒಂದೇ ಪಂಕ್ತಿ, ಒಂದೇ ಪಾತ್ರೆ. ಬಡಿಸುವವರು ಕೊನೆಗೆ ಉಣ್ಣುತ್ತಾರಲ್ಲ, ಅವರಿಗೂ ಉಳಿಯುವ ಹಾಗೆ ಬಡಿಸಿ. ಪಾತ್ರೆ ತೊಳೆಯುವುದು ಪ್ರತಿ ಸಲವೂ ಅದೇ ನಾಲ್ಕು ಜನ ಹೆಂಗಸರ ಪಾಲಿಗೆ ಯಾಕೆ ಬರುತ್ತದೆ ಅಂತಲೂ ಕೇಳಿಕೊಳ್ಳಿ.

ಸಿಎಸ್‌ಐ ಕ್ರಮದಲ್ಲಿ ಭೋಜನಕ್ಕೆ ಮುಂಚೆ ಸಮಾಧಾನ ಹಂಚುತ್ತಾರೆ. ಅಯ್ಯನವರಿಂದ (ಸಭಾಪಾಲಕರಿಂದ) ಶುರುವಾಗಿ ಕೈಯಿಂದ ಕೈಗೆ ಸಾಲುಸಾಲಾಗಿ ಹಿಂದಿನವರೆಗೂ ಬರುತ್ತದೆ. ಒಬ್ಬರ ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಎರಡು ಅಂಗೈ ನಡುವೆ ತಗೊಳ್ಳುತ್ತಾರೆ. ಎಷ್ಟೋ ಜನ ಅದನ್ನು ಮುಟ್ಟಿದ ಶಾಸ್ತ್ರ ಮಾಡಿ ಮುಂದಕ್ಕೆ ದಾಟಿಸುತ್ತಾರೆ, ಮುಖವನ್ನೂ ನೋಡುವುದಿಲ್ಲ. ಮುಖ ನೋಡಿ. ಪಕ್ಕದ ಸಾಲಲ್ಲಿ ನೀವು ಮಾತು ಬಿಟ್ಟವರು ಇದ್ದರೆ ಎದ್ದು ಅಲ್ಲಿಗೇ ಹೋಗಿ ಕೈ ಕೊಡಿ. ಶನಿವಾರ ಆಗದೇ ಇದ್ದದ್ದಕ್ಕೆ ಇದೊಂದು ಎರಡನೇ ಅವಕಾಶ. ಕ್ಯಾಥೊಲಿಕರ ಬಲಿಪೂಜೆಯಲ್ಲೂ ಪ್ರಸಾದಕ್ಕೆ ಮುಂಚೆ ಹೀಗೊಂದು ಜಾಗ ಇದೆ. ನಿಮ್ಮ ಸಭೆಯಲ್ಲಿ ಇಲ್ಲದಿದ್ದರೆ ಶುರು ಮಾಡಲು ಪಾಸ್ಟರನ್ನು ಕೇಳಿ.

ಸೋಮವಾರದಿಂದ

ಕೂಲಿ ಸಂಜೆಯೇ ಕೊಡಿ. ಸೂರ್ಯ ಮುಳುಗುವ ಮುಂಚೆ ಕೊಡಬೇಕು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಅಂತ ಧರ್ಮೋಪದೇಶಕಾಂಡ 24:15ರಲ್ಲಿದೆ. ಟೊಮೆಟೊ ಬಿಡಿಸಲು ಬಂದವರಿಗೆ "ಮಾರ್ಕೆಟ್ ದುಡ್ಡು ಬಂದ ಮೇಲೆ ನೋಡೋಣ" ಅಂದು ಕಳಿಸಿ, ಶುಕ್ರವಾರ ಉಪವಾಸ ಪ್ರಾರ್ಥನೆಗೆ ಹೋಗುವವರಿಗೆ ಯೆಶಾಯ 58 ಇದೆ. ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡುವುದಿಲ್ಲ ಅಂತ ಜನ ದೇವರನ್ನು ಕೇಳುತ್ತಾರೆ. ಉಪವಾಸದ ದಿನವೇ ನಿಮ್ಮ ಆಳುಗಳನ್ನು ಹಿಂಡುತ್ತೀರಲ್ಲ ಅನ್ನುವುದು ಉತ್ತರ. ದೇವರಿಗೆ ಇಷ್ಟವಾದ ಉಪವಾಸ ಯಾವುದು ಅಂತಲೂ ಅಲ್ಲೇ ಇದೆ: ಹಸಿದವರಿಗೆ ಅನ್ನ, ಮನೆ ಇಲ್ಲದವರಿಗೆ ಜಾಗ, ಬಟ್ಟೆ ಇಲ್ಲದವರಿಗೆ ಬಟ್ಟೆ.

ಮನೆಯ ಪ್ರಾರ್ಥನೆ ಚಿಕ್ಕದಾಗಿರಲಿ, ದಿನಾ ಇರಲಿ. ಒಂದು ಕೀರ್ತನೆ, ಕರ್ತನ ಪ್ರಾರ್ಥನೆ, ಅವತ್ತು ಮನೆಯಲ್ಲಿ ಯಾರಿಗೆ ಏನು ಕಷ್ಟ ಅಂತ ಒಂದು ಮಾತು. ಬೈಯುವ ಮಾತನ್ನು ಪ್ರಾರ್ಥನೆಯೊಳಗೆ ತೂರಿಸಬೇಡಿ. "ಕರ್ತನೇ, ಇವನಿಗೆ ಓದುವ ಬುದ್ಧಿ ಕೊಡಪ್ಪಾ" ಅಂತ ಮಗನ ಮುಂದೆ ಪ್ರಾರ್ಥಿಸಿದರೆ ಅದು ಯಾರಿಗೆ ಹೇಳಿದ್ದು ಅಂತ ಅವನಿಗೆ ಗೊತ್ತಾಗುತ್ತದೆ. ಮನೆಯಲ್ಲಿ ನೀವೊಬ್ಬರೇ ನಂಬಿದವರಾದರೆ ಮತ್ತಾಯ 6:6 ನಿಮಗೇ ಬರೆದದ್ದು ಅಂದುಕೊಳ್ಳಿ: ಬಾಗಿಲು ಮುಚ್ಚಿ, ಗುಟ್ಟಾಗಿ. ಅತ್ತೆಯ ಪೂಜೆಗೆ ಅಡ್ಡ ಮಾತಾಡಿ ಗೆದ್ದವರನ್ನು ನಾನು ನೋಡಿಲ್ಲ.

ರಾತ್ರಿ ಪೂರ್ತಿ ಪ್ರಾರ್ಥನೆ ಇಟ್ಟುಕೊಂಡರೆ ಸೌಂಡ್ ಬಾಕ್ಸ್ ಹೊರಗೆ ತಿರುಗಿಸಬೇಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಲ್ಲೇ ತಡೆ ಇದೆ, 2000ನೇ ಇಸವಿಯ ನಿಯಮ, ಯಾವ ಧರ್ಮದವರಿಗೂ ಒಂದೇ. ಕಾನೂನು ಬಿಡಿ, ಪಕ್ಕದ ಮನೆಯಲ್ಲಿ ಎಸ್ಎಸ್ಎಲ್‌ಸಿ ಓದುವ ಹುಡುಗಿ ಇರುತ್ತಾಳೆ. ಪೌಲ ಸೀಲರು ಜೈಲಲ್ಲಿ ಮಧ್ಯರಾತ್ರಿ ಮೈಕಿಲ್ಲದೆ ಹಾಡಿದ್ದನ್ನೇ ಬೇರೆ ಕೈದಿಗಳು ಕಿವಿಗೊಟ್ಟು ಕೇಳಿದರು.

ಬರದೇ ಇದ್ದವರು

ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಅನ್ನುವವರು ರೋಮ್ ನಗರದಲ್ಲಿದ್ದುಕೊಂಡು ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆ ಅಂತ ಚಕ್ರವರ್ತಿಗೆ ವಿವರವಾಗಿ ಬರೆದರು. ಹೊತ್ತು ಇರುವಷ್ಟು ಓದುತ್ತಾರೆ, ನಡೆಸುವವರು ಬುದ್ಧಿ ಹೇಳುತ್ತಾರೆ, ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ, ರೊಟ್ಟಿ ದ್ರಾಕ್ಷಾರಸ ಹಂಚುತ್ತಾರೆ. ನಮ್ಮದೂ ಹೆಚ್ಚು ಕಡಿಮೆ ಹೀಗೇ ಇದೆ. ಆದರೆ ಅವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಬರಲು ಆಗದವರ ಮನೆಗೆ ಅವತ್ತಿನ ಭೋಜನದ ಪಾಲು ಹೋಗುತ್ತದೆ. ಸೇರಿದ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಜೈಲಲ್ಲಿರುವವರಿಗೆ, ಪರಊರಿಂದ ಬಂದವರಿಗೆ ಹೋಗುತ್ತದೆ.

ಹಾಗಾಗಿ ಭಾನುವಾರ ಮನೆಗೆ ಹೊರಡುವ ಮುಂಚೆ ಸಭೆಯಲ್ಲಿ ಒಂದು ಸಲ ಕಣ್ಣಾಡಿಸಿ. ಇವತ್ತು ಯಾರು ಕಾಣಲಿಲ್ಲ? ಯಾರಿಗೋ ಡಯಾಲಿಸಿಸ್ ನಡೆಯುತ್ತಿರುತ್ತದೆ, ಯಾರ ಮಗನೋ ಬೆಂಗಳೂರಿಂದ ಕೆಲಸ ಕಳೆದುಕೊಂಡು ವಾಪಸ್ ಬಂದಿರುತ್ತಾನೆ, ಅವಮಾನಕ್ಕೆ ಹೊರಗೆ ಬರುತ್ತಿರುವುದಿಲ್ಲ. ಕರ್ತನ ಭೋಜನ ಬೇಕು ಅಂದರೆ ಅಯ್ಯನವರಿಗೆ, ಫಾದರಿಗೆ ಹೇಳಿ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ನೀವೇ ಒಂದು ಡಬ್ಬಿ ಊಟ ಹಿಡಿದುಕೊಂಡು ಹೋಗಿ, ಹೋಗುವ ಮುಂಚೆ ಫೋನ್ ಮಾಡಿ. ಗುಂಪಾಗಿ ಹೋಗಬೇಡಿ, ಇಬ್ಬರು ಸಾಕು. ಕಾಯಿಲೆ ಯಾಕೆ ಬಂತು ಅಂತ ಕಾರಣ ಹುಡುಕಿ ಹೇಳಬೇಡಿ, ಪಕ್ಕದ ಮನೆಯವರಿಗೆ ವಾಸಿಯಾದ ಸಾಕ್ಷಿಯನ್ನೂ ಹೇಳಬೇಡಿ. ಮಂಚದ ಪಕ್ಕ ಕೂತು ಅವರು ಹೇಳುವುದನ್ನು ಕೇಳಿ. ಅವರು ಕೇಳಿದರೆ ಒಂದು ಕೀರ್ತನೆ ಓದಿ. ಡಬ್ಬಿ ವಾಪಸ್ ತಗೊಳ್ಳಲು ಬುಧವಾರ ಬರುತ್ತೇನೆ ಅಂತ ಹೇಳಿ ಬನ್ನಿ, ಬುಧವಾರ ಹೋಗಿ.